ಹೊಳೆಯ ಮಗುವಿಗೆ ಮೀಸೆ ಬಂದದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳನ್ನು ಆಗತಾನೇ ಮಾಡಿ ಒಣಗಲು ಇಟ್ಟಿದ್ದರು, ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು. ಯಾವ ಬಣ್ಣ ತನಗೆ ಒಪ್ಪುತ್ತದೆ ಎಂದು ಆಕಾಶಕ್ಕೆ ಇನ್ನೂ ತಿಳಿದಿರಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಿಕೊಂಡು ನೋಡುತ್ತಿತ್ತು. ಈಗಲೂ ತೀರ್ಮಾನ ಆದ ಹಾಗೆ ಕಾಣುವುದಿಲ್ಲ, ಆ ಮಾತು ಬಿಡು.

ಆಗ ಹೊಳೆ ಮಾತಾಡುತ್ತಿತ್ತು. ಗಾಳಿ ಮಾತಾಡುತ್ತಿತ್ತು. ಕೊಕ್ಕರೆಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ಯಾವ ಮೀನಿಗೂ ಮೀಸೆ ಇರಲಿಲ್ಲ. ಗಿರ್ಲು ಮೀನಿಗೂ ಇರಲಿಲ್ಲ. ಗಿರ್ಲು ಅಂದರೆ ನಾವು ಈಗ ಮೀಸೆಮೀನು ಅನ್ನುತ್ತೇವಲ್ಲ, ಅದೇ. ಬಲು ನಾಚಿಕೆಯ ಮೀನು. ಉಳಿದ ಮೀನುಗಳು ಬಿಸಿಲಲ್ಲಿ ಮೈ ಮಿನುಗಿಸಿಕೊಂಡು ಮೇಲೆ ಓಡಾಡುತ್ತಿದ್ದರೆ ಇದು ತಳದಲ್ಲಿ, ಕಲ್ಲಿನ ಮರೆಯಲ್ಲಿ, ಅಮ್ಮನ ಸೆರಗಿನ ಹಿಂದೆ ನಿಂತ ಮಗುವಿನ ಹಾಗೆ ಇರುತ್ತಿತ್ತು.

ಹೊಳೆಯ ದಂಡೆಯಲ್ಲಿ ಕುಂಬಾರ್ತಿ ಕೆಂಚವ್ವನ ಮನೆ. ಜನ ಮಡಕೆ ಮಾಡುವುದನ್ನು ಕಲಿತು ಹೆಚ್ಚು ದಿನವಾಗಿರಲಿಲ್ಲ. ಕಲಿತವರಲ್ಲಿ ಕೆಂಚವ್ವನಷ್ಟು ಚೆನ್ನಾಗಿ ಮಾಡುವವರು ಯಾರೂ ಇರಲಿಲ್ಲ. ಅವಳ ಜಾಣತನವೆಲ್ಲ ಬೆರಳಿನ ತುದಿಯಲ್ಲಿತ್ತು. ಮಣ್ಣು ಕಲಸುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸಾಸಿವೆಗಿಂತ ಸಣ್ಣ ಹರಳು ಇದ್ದರೂ ಬೆರಳು ಹೇಳುತ್ತಿತ್ತು. ಅದನ್ನು ಆರಿಸಿ ಬಿಸಾಡಿದ ಮೇಲೆಯೇ ಮಣ್ಣು ತಿರುಗುವ ತಿಗರಿಗೆ ಏರುತ್ತಿತ್ತು. ಅವಳ ಮಡಕೆಯ ಮೈ ಎಷ್ಟು ನುಣುಪು ಅಂದರೆ ಇರುವೆ ಹತ್ತಲು ಹೋಗಿ ಜಾರಿ ಬೀಳುತ್ತಿತ್ತು.

ಒಂದು ಬೇಸಿಗೆ ಬಂತು. ಹೊಳೆ ದಿನದಿನಕ್ಕೆ ಸಣ್ಣಗಾಯಿತು. ಮೊದಲು ಮಂಡಿಯಷ್ಟಾಯಿತು, ಆಮೇಲೆ ಪಾದದಷ್ಟಾಯಿತು. ಒಂದು ಬೆಳಿಗ್ಗೆ ಕೆಂಚವ್ವ ಮಣ್ಣು ತರಲು ಹೋದಾಗ ಹೊಳೆ ದಾರದ ಹಾಗೆ ಹರಿಯುತ್ತಿತ್ತು.

"ಕೆಂಚವ್ವಾ, ಒಂಚೂರು ನಿಂತ್ಕೋ," ಎಂದಿತು ಹೊಳೆ. ದನಿಯೂ ದಾರದಷ್ಟೇ ಸಣ್ಣಗಿತ್ತು.

"ಏನವ್ವಾ, ಹಿಂಗಾಗ್ಬಿಟ್ಟಿದ್ದೀಯಲ್ಲ!"

"ನಂಗೆ ಈ ಬಿಸಿಲು ತಡ್ಕೊಳಕಾಗಲ್ಲ ಕಣೇ. ಮರಳಿನ ಒಳಗೆ ಹೋಗಿ ಮಲಕ್ಕೋತೀನಿ. ಮಳೆ ಬಂದಾಗ ಎದ್ದು ಬರ್ತೀನಿ. ದೊಡ್ಡ ಮಕ್ಕಳೆಲ್ಲ ಕೆಳಗಿನ ಮಡುವಿಗೆ ಹೋದವು. ಈ ಒಂದು ಹೋಗಲಿಲ್ಲ. ನಾಚ್ಕೊಂಡು ಕಲ್ಲಿನ ಅಡಿ ಕೂತು ದಾರಿ ತಪ್ಪಿಸ್ಕೊಂಡಿದೆ. ಇದನ್ನ ನಿನ್ನ ಹತ್ರ ಇಟ್ಕೊಂಡಿರ್ತೀಯಾ?"

ಕೆಂಚವ್ವ ಬಗ್ಗಿ ನೋಡಿದಳು. ಎಮ್ಮೆಯ ಗೊರಸು ಊರಿದ ಒಂದು ಗುಂಡಿ. ಅದರೊಳಗೆ ಅಂಗೈಯಷ್ಟು ನೀರು. ನೀರಿನಲ್ಲಿ ಬೆರಳುದ್ದದ ಒಂದು ಗಿರ್ಲು, ಬದುಕಲೋ ಬೇಡವೋ ಅನ್ನುವ ಹಾಗೆ ಕಿವಿರು ಆಡಿಸುತ್ತಿತ್ತು.

ಕೆಂಚವ್ವ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಹೊಳೆವ್ವಾ, ನಂಗೆ ಮಡಕೆ ಗೊತ್ತು. ಮಡಕೆ ಒಡೆದ್ರೆ ಇನ್ನೊಂದು ಮಾಡ್ತೀನಿ. ಇದು ಜೀವ. ಇದಕ್ಕೇನಾದ್ರೂ ಆದ್ರೆ ನಾನು ಎಲ್ಲಿಂದ ಮಾಡ್ಕೊಡ್ಲಿ?"

"ಮಾಡ್ಕೊಡಕಾಗಲ್ಲ," ಎಂದಿತು ಹೊಳೆ. "ಅದಕ್ಕೇ ನೋಡ್ಕೋ ಅಂತಿರೋದು."

ಅಷ್ಟು ಹೇಳಿ ಹೊಳೆ ಮರಳಿನೊಳಗೆ ಇಳಿದುಹೋಯಿತು. ಇನ್ನೇನು ಮಾಡುವುದು? ಕೆಂಚವ್ವ ಮಣ್ಣು ತರಲು ತಂದಿದ್ದ ಬುಟ್ಟಿಯನ್ನು ಅಲ್ಲೇ ಬಿಟ್ಟಳು. ಒಂದು ಕುಡಿಕೆಯಲ್ಲಿ ನೀರಿನ ಸಮೇತ ಮೀನನ್ನು ಮೊಗೆದುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಮನೆಗೆ ಬಂದಳು.

ಹೊಳೆಯ ಮಗು ಮನೆಗೆ ಬಂದಿದೆ ಅಂದಮೇಲೆ ಸುಮ್ಮನೆ ಆಗುತ್ತದೆಯೇ? ಕೆಂಚವ್ವ ತಾನು ಮಾಡಿದ್ದರಲ್ಲೇ ಅತ್ಯಂತ ದೊಡ್ಡ, ಅಗಲ ಬಾಯಿಯ ಬಾನಿಯನ್ನು ಹೊರಗೆ ತೆಗೆದಳು. ಅದನ್ನು ಅಂಗಳದ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ, ಒಳ್ಳೆ ಬಿಸಿಲಲ್ಲಿ ಇಟ್ಟಳು. ಪ್ರೀತಿಯಿಂದಲೇ ಇಟ್ಟಳು.

ಬರೀ ಮಣ್ಣಿನ ತಳ ಚೆನ್ನಾಗಿ ಕಾಣುವುದಿಲ್ಲ ಎಂದು ಗುಡ್ಡದಿಂದ ಬೆಣಚುಕಲ್ಲು ಆರಿಸಿ ತಂದಳು. ಹಾಲಿನಷ್ಟು ಬಿಳಿ. ಅದನ್ನು ಚೂರು ಮಾಡಿ, ಮೊರದಿಂದ ಸುರಿದು ಬಾನಿಯ ತಳಕ್ಕೆ ಹಾಸಿದಳು. ಬಿಸಿಲು ಬಿದ್ದಾಗ ತಳವೆಲ್ಲ ಪಳಪಳ ಹೊಳೆಯಿತು. ಅದನ್ನೂ ಪ್ರೀತಿಯಿಂದಲೇ ಹಾಸಿದಳು.

ತಿನ್ನಲು ಏನು ಕೊಡುವುದು? ಕೆಂಚವ್ವನಿಗೆ ಮಂಡಕ್ಕಿ ಅಂದರೆ ಪ್ರಾಣ. ತನಗೆ ಇಷ್ಟವಾದದ್ದು ಮಗುವಿಗೂ ಇಷ್ಟವಾಗುತ್ತದೆ ಎಂದು ಹಿಡಿ ತುಂಬ ಮಂಡಕ್ಕಿ ಚೆಲ್ಲಿದಳು. ಮಂಡಕ್ಕಿ ನೀರಿನ ಮೇಲೆ ತೇಲಿತು. ಗಿರ್ಲು ತಳದಲ್ಲಿ ಕೂತು ಮೇಲೆ ನೋಡಿತು.

ಆ ಊರಿನವರಿಗೆ ಇನ್ನೊಂದು ಪದ್ಧತಿ ಇತ್ತು. ನಿನ್ನೆಯ ನೀರು ಇವತ್ತು ಮನೆಯಲ್ಲಿ ಇರಬಾರದು. ಬೆಳಗಾದರೆ ಕೊಡ, ಬಿಂದಿಗೆ, ಹಂಡೆ ಎಲ್ಲವನ್ನೂ ಬೋರಲು ಹಾಕಿ, ಬೂದಿ ಹಾಕಿ ಉಜ್ಜಿ ತೊಳೆದು, ಹೊಸ ನೀರು ತುಂಬಬೇಕು. ಹಳೆ ನೀರು ಇಟ್ಟುಕೊಂಡವಳನ್ನು ಸೋಮಾರಿ ಎನ್ನುತ್ತಿದ್ದರು. ಕೆಂಚವ್ವನನ್ನು ಯಾರೂ ಸೋಮಾರಿ ಅಂದವರಿಲ್ಲ. ಅವಳು ದಿನಾ ಬೆಳಿಗ್ಗೆ ಗಿರ್ಲುವನ್ನು ಕುಡಿಕೆಗೆ ಹಾಕಿ, ಬಾನಿಯ ನೀರನ್ನು ಕೊನೇ ಹನಿಯವರೆಗೂ ಚೆಲ್ಲಿ, ಗೋಡೆಯನ್ನೆಲ್ಲ ನಾರಿನಿಂದ ಗಸಗಸ ಉಜ್ಜಿ, ಹೊಳೆಯ ಮರಳಿನಲ್ಲಿ ತೋಡಿದ ಒರತೆಯಿಂದ ತಣ್ಣನೆ ನೀರು ತಂದು ತುಂಬುತ್ತಿದ್ದಳು.

ಪಕ್ಕದ ಮನೆಯ ತಿಪ್ಪಕ್ಕ ಗೋಡೆಯ ಮೇಲಿಂದ ಇಣುಕಿ, "ಹೆತ್ತ ಮಕ್ಕಳಿಗೂ ಇಷ್ಟು ಮಾಡಲಿಲ್ಲವಲ್ಲೇ ನೀನು!" ಎಂದಳು.

"ಬೇರೆಯವರ ಮಗು ಕಣೇ. ಜಾಸ್ತಿ ನೋಡ್ಕೋಬೇಕು," ಎಂದಳು ಕೆಂಚವ್ವ.

ಆದರೆ ಮಗು ಸೊರಗುತ್ತಾ ಬಂತು.

ಮೊದಲು ಓಡಾಡುವುದನ್ನು ಬಿಟ್ಟಿತು. ಆಮೇಲೆ ಹೊಟ್ಟೆ ಒಳಕ್ಕೆ ಹೋಯಿತು. ಬಾಯಿಯ ಸುತ್ತ ಕೆಂಪಾಯಿತು. ಇಡೀ ದಿನ ಬಾನಿಯ ಗೋಡೆಗೆ ಮುಖ ಒತ್ತಿಕೊಂಡು, ಯಾರೊಡನೆಯೋ ಟೂ ಬಿಟ್ಟ ಮಗುವಿನ ಹಾಗೆ, ಬೆನ್ನು ತೋರಿಸಿಕೊಂಡು ನಿಂತಿರುತ್ತಿತ್ತು.

ಕೊಕ್ಕರೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಬಂದು ಗೋಡೆಯ ಮೇಲೆ ಒಂಟಿಕಾಲಲ್ಲಿ ನಿಂತುಕೊಂಡಿತು.

"ಕೆಂಚವ್ವಾ, ಸುಮ್ನೆ ಯಾಕೆ ಒದ್ದಾಡ್ತೀಯ? ಅದು ಇರೋದಿಲ್ಲ. ಹಸಿಯಾಗಿರೋವಾಗಲೇ ನಂಗೆ ಕೊಟ್ಬಿಡು. ಹೊಳೆ ಕೇಳಿದ್ರೆ ಕೊಕ್ಕರೆ ಕದ್ಕೊಂಡು ಹೋಯ್ತು ಅಂತ ಹೇಳು, ನಾನು ಬೇಜಾರು ಮಾಡ್ಕೊಳಲ್ಲ."

"ನಿನ್ನ ನಾಲಿಗೆಗೆ ಮುಳ್ಳು ಚುಚ್ಚ!" ಎಂದು ಕೆಂಚವ್ವ ಪೊರಕೆ ಎಸೆದಳು. ಕೊಕ್ಕರೆ ಆ ಗೋಡೆಯಿಂದ ಈ ಗೋಡೆಗೆ ಹಾರಿ ಕೂತಿತು. ಅದಕ್ಕೆ ಏನು ಅವಸರ?

ಕೆಂಚವ್ವ ಪೊರಕೆಯನ್ನೇನೋ ಎಸೆದಳು, ಆದರೆ ಒಳಗೆ ಬಂದು ಅತ್ತಳು. ಹೊಳೆ ಎದ್ದು ಬಂದು ಮಗು ಎಲ್ಲಿ ಎಂದು ಕೇಳಿದರೆ ಏನು ಹೇಳಲಿ? ಅದೂ ಇರಲಿ. ಈ ಪುಟ್ಟ ಬೆನ್ನನ್ನು ದಿನಾ ನೋಡಿ ನೋಡಿ ಅವಳು ಅದರ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದಳು. ಅದು ತನ್ನ ಕಡೆ ಒಂದು ಸಲ ತಿರುಗಿದರೆ ಸಾಕಾಗಿತ್ತು.

ತಿಪ್ಪಕ್ಕ ಓಡಿಬಂದಳು. "ಅಳ್ಬೇಡ ಕಣೇ. ಇದು ದೃಷ್ಟಿ, ಇನ್ನೇನೂ ಅಲ್ಲ. ಊರಿಗೆ ಊರೇ ಬಂದು ನೋಡ್ಕೊಂಡು ಹೋಯ್ತಲ್ಲ! ಉಪ್ಪು ನಿವಾಳ್ಸಿ ನೀರಿಗೆ ಹಾಕು. ಉಪ್ಪು ಕರಗಿದಂಗೆ ದೃಷ್ಟಿನೂ ಕರಗಿ ಹೋಗುತ್ತೆ."

ಕೆಂಚವ್ವನ ಮಕ್ಕಳು ಚಿಕ್ಕವರಾಗಿದ್ದಾಗ ಹುಷಾರಿಲ್ಲದಿದ್ದರೆ ಅವಳು ಮಾಡುತ್ತಿದ್ದದ್ದೂ ಅದನ್ನೇ. ಹಿಡಿ ತುಂಬ ಉಪ್ಪು ತಂದು ಬಾನಿಯ ಸುತ್ತ ನಿವಾಳಿಸಿದಳು. ಆ ಕಣ್ಣು, ಈ ಕಣ್ಣು, ಕೊಕ್ಕರೆಯ ಕೆಟ್ಟ ಕಣ್ಣು ಎಲ್ಲ ಹೋಗಲಿ ಎಂದು ಬೇಡಿಕೊಂಡಳು. ಉಪ್ಪು ಹಾಕಲು ಅಂಗಳದಲ್ಲಿ ಬೇರೆ ನೀರು ಎಲ್ಲಿತ್ತು? ಇದ್ದದ್ದು ಬಾನಿಯ ನೀರು. ಅದರಲ್ಲೇ ಹಾಕಿದಳು. ಪ್ರೀತಿಯಿಂದಲೇ ಹಾಕಿದಳು.

ಗಿರ್ಲುವಿನ ಮೈಮೇಲೆ ಉಳಿದ ಮೀನುಗಳ ಹಾಗೆ ಹುರುಪೆ ಇಲ್ಲ, ನಿನಗೆ ಗೊತ್ತಲ್ಲ. ಬರೀ ಚರ್ಮ, ನಿನ್ನ ತುಟಿಯಷ್ಟು ಮೆತ್ತಗೆ. ಉಪ್ಪು ಕರಗಿ ಆ ಮೈಗೆ ತಾಕಿತು. ಗಾಯವಾದ ಬಾಯಿಗೆ ತಾಕಿತು. ಗಿರ್ಲು ಒಮ್ಮೆಗೇ ಚಿಮ್ಮಿ, ಬಾನಿಯ ಈ ಕಡೆಗೆ ಬಡಿದು, ಆ ಕಡೆಗೆ ಬಡಿದು, ಉಸಿರು ಸಿಗದೆ ಬಾಯಿ ಬಾಯಿ ಬಿಟ್ಟಿತು.

"ಅಯ್ಯೋ, ಯಾರಾದ್ರೂ ಬನ್ರೋ!" ಎಂದು ಕೆಂಚವ್ವ ಕೂಗಿದಳು.

ಅದೇ ಹೊತ್ತಿಗೆ ಬೀದಿಯಲ್ಲಿ ಗಾಳಿ ಹೋಗುತ್ತಿತ್ತು. ಗಾಳಿಗೆ ಯಾವಾಗಲೂ ಅವಸರವೇ. ಆದರೂ ಆ ಕೂಗು ಕೇಳಿ ಅಂಗಳಕ್ಕೆ ತಿರುಗಿತು.

"ಏನಾಯ್ತು? ಬೇಗ ಹೇಳು, ನಂಗೆ ಮೋಡ ತಳ್ಳಕ್ಕೆ ಹೋಗ್ಬೇಕು."

"ಮಗುಗೆ ಉಸಿರು ಸಿಕ್ತಿಲ್ಲ ಕಣಪ್ಪಾ!"

ಗಾಳಿ ಬಾನಿಯ ಮೇಲೆ ಬಗ್ಗಿತು. "ಏ ಪುಟ್ಟಾ, ಮೇಲೆ ಬಾ. ನಾಚ್ಕೋಬೇಡ, ಇಲ್ಲಿ ಯಾರೂ ಇಲ್ಲ, ನಾನೇ. ಬಾಯಿ ಬಿಡು."

ಗಿರ್ಲು ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಮೇಲೆ ಬಂತು, ಬಾಯಿ ಬಿಟ್ಟಿತು. ಗಾಳಿ ಒಂದು ಗುಟುಕು ಉಸಿರನ್ನು ಆ ಬಾಯಿಯೊಳಗೆ ಇಟ್ಟಿತು. ಗಿರ್ಲು ಅದನ್ನು ನುಂಗಿ ಸರ್ರನೆ ತಳಕ್ಕೆ ಹೋಯಿತು.

"ನಾನು ಇಲ್ಲೇ ಕೂತು ಕಾಯಕ್ಕಾಗಲ್ಲ," ಎಂದಿತು ಗಾಳಿ. "ಬೇಕಾದಾಗ ಮೇಲೆ ಬರಲಿ, ಒಂದು ಗುಟುಕು ಕೊಡ್ತೀನಿ. ಆದ್ರೆ ಗಳಿಗೆಗೊಂದು ಸಲ ಬರೋ ಹಂಗಾದ್ರೆ ನೀರು ಕೆಟ್ಟಿದೆ ಅಂತ ತಿಳ್ಕೋ ಕೆಂಚವ್ವಾ. ಅದಕ್ಕೆ ನನ್ನನ್ನ ಕರೀಬೇಡ, ನೀರು ನೋಡು." ಇಷ್ಟು ಹೇಳಿ ಮೋಡ ತಳ್ಳಲು ಹೋಯಿತು.

ಕೆಂಚವ್ವ ಕುಡಿಕೆ ಹಿಡಿದು ಒರತೆಗೆ ಓಡಿದಳು, ಬಂದಳು, ಮತ್ತೆ ಓಡಿದಳು. ಉಪ್ಪುನೀರನ್ನು ಮೊಗೆದು ಚೆಲ್ಲುವುದು, ಸಿಹಿನೀರನ್ನು ತಂದು ಹಾಕುವುದು. ಹೀಗೆ ಮಾಡಿ ಮಾಡಿ ಕಾಲು ಸೋತಾಗ ಬಾನಿಯ ಪಕ್ಕದಲ್ಲೇ ಕುಸಿದು ಕೂತಳು. ಗಿರ್ಲು ಬದುಕಿತ್ತು, ಆದರೆ ಬಾಡಿದ ಎಲೆಯ ಹಾಗೆ ತಳದಲ್ಲಿ ಬಿದ್ದಿತ್ತು.

"ನಿಂಗೆ ಏನು ಬೇಕು ಮಗಾ?" ಎಂದು ಕೆಂಚವ್ವ ಕೇಳಿದಳು.

ಗಿರ್ಲುವಿಗೆ ಮಾತಾಡಲು ಬಾಯಿ ನೋಯುತ್ತಿತ್ತು.

ಕೆಂಚವ್ವ ನೀರಿಗೆ ಕೈ ಇಳಿಸಿದಳು. ಅದನ್ನು ಸವರಿ ಸಮಾಧಾನ ಮಾಡೋಣ ಎಂದುಕೊಂಡಳು. ಕೈ ತಳಕ್ಕೆ ತಾಕಿತು. ಅಭ್ಯಾಸದಂತೆ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಬೆರಳು ಆ ಬಿಳಿಯ ಚೂರುಗಳ ಮೇಲೆ ಹರಿದಾಡಿತು. ಹಾಗೆ ಹರಿದಾಡುವಾಗ ಚುರ್ರೆಂದಿತು.

ಕೈ ಹೊರಗೆ ತೆಗೆದಳು. ತೋರುಬೆರಳಿನ ತುದಿಯಲ್ಲಿ ಒಂದು ಹನಿ ರಕ್ತ.

ಕೆಂಚವ್ವ ಆ ಹನಿಯನ್ನು ನೋಡಿದಳು. ಗಿರ್ಲುವಿನ ಕೆಂಪಾದ ಬಾಯಿಯನ್ನು ನೋಡಿದಳು. ಮತ್ತೆ ಹನಿಯನ್ನು ನೋಡಿದಳು.

"ಹಾಳಾದವಳು ನಾನು!" ಎಂದು ತಲೆ ಚಚ್ಚಿಕೊಂಡಳು. "ಮಡಕೆ ಮಾಡೋ ಮಣ್ಣಲ್ಲಿ ಒಂದು ಹರಳು ಬಿಡಲ್ಲ. ಮಗು ಮೂತಿ ಇಟ್ಟು ಉಣ್ಣೋ ಜಾಗದಲ್ಲಿ ಮುಳ್ಳಿನಂಥ ಕಲ್ಲು ಹಾಸಿದ್ದೀನಿ! ಕಣ್ಣಿಗೆ ಚಂದ ಅಂತ ಹಾಸಿದ್ನಲ್ಲ, ಒಂದು ಸಲ ಕೈಯಲ್ಲಿ ಮುಟ್ಟಿ ನೋಡ್ಬಾರದಿತ್ತಾ?"

ಆ ಗಳಿಗೆಯಿಂದ ಕೆಂಚವ್ವ ಊರಿನ ಮಾತನ್ನು ಬಿಟ್ಟಳು, ಬೆರಳಿನ ಮಾತನ್ನು ಕೇಳಿದಳು.

ಬೆಣಚುಕಲ್ಲನ್ನೆಲ್ಲ ಆರಿಸಿ ಎಸೆದಳು. ಹೊಳೆಯ ಪಾತ್ರದಿಂದ ಮರಳು ತಂದು ಜರಡಿ ಹಿಡಿದಳು. ಜರಡಿ ಹಿಡಿದದ್ದನ್ನು ತೊಳೆದಳು. ತೊಳೆದದ್ದನ್ನು ಕಣ್ಣು ಮುಚ್ಚಿ ಅಂಗೈಯಲ್ಲಿ ತಿಕ್ಕಿದಳು. ಚುಚ್ಚಿದ್ದನ್ನು ಬಿಸಾಡಿದಳು, ಜಾರಿದ್ದನ್ನು ಇಟ್ಟುಕೊಂಡಳು. ಆ ನುಣ್ಣನೆ ಮರಳನ್ನು ಬಾನಿಯ ತಳಕ್ಕೆ ಹಾಸಿಗೆ ಹಾಸಿದ ಹಾಗೆ ಹಾಸಿದಳು.

ಬಾನಿಯನ್ನು ಬಿಸಿಲಿನಿಂದ ಎಳೆದು ಹೊಂಗೆ ಮರದ ನೆರಳಿಗೆ ತಂದಳು. ನಾಚಿಕೆಯ ಮಗು, ಊರಿನವರೆಲ್ಲ ನೋಡಿದರೆ ಎಲ್ಲಿಗೆ ಹೋಗಬೇಕು? ಒಡೆದ ಮಡಕೆಯೊಂದನ್ನು ತೆಗೆದುಕೊಂಡು, ಅದರ ಅಂಚು ಉಜ್ಜಿ ನಯಮಾಡಿ, ಮರಳಿನ ಮೇಲೆ ಬೋರಲು ಇಟ್ಟಳು. ಅದಕ್ಕೆ ಒಂದು ಬಾಗಿಲು ಬಿಟ್ಟಳು. ಗಿರ್ಲು ಮೆಲ್ಲಗೆ ಆ ಬಾಗಿಲಿನೊಳಗೆ ಹೋಗಿ, ಬಾಲ ಮಾತ್ರ ಹೊರಗೆ ಬಿಟ್ಟುಕೊಂಡು, ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡಿತು.

ಇನ್ನು ನೀರಿನ ವಿಚಾರ. ಕೆಂಚವ್ವನ ತಿಗರಿಯ ಪಕ್ಕದಲ್ಲಿ ಕೈ ಅದ್ದುವ ಒಂದು ಬೋಗುಣಿ ಇತ್ತು. ಆ ನೀರನ್ನು ಮಾತ್ರ ಅವಳು ಎಂದೂ ಪೂರ್ತಿ ಚೆಲ್ಲುತ್ತಿರಲಿಲ್ಲ. ಹೊಸ ನೀರು ಬೆರಳಿಗೆ ಒರಟು. ಮಣ್ಣಿನ ಜೊತೆ ಇದ್ದು ಪಳಗಿದ ನೀರು ಮೆತ್ತಗಿರುತ್ತದೆ. ಅದಕ್ಕೇ ಸ್ವಲ್ಪ ತೆಗೆದು ಸ್ವಲ್ಪ ಸೇರಿಸುತ್ತಿದ್ದಳು. ಬಾನಿಗೂ ಹಾಗೆಯೇ ಮಾಡಿದಳು. ತಳದ ಕೊಳೆಯ ಜೊತೆಗೆ ಒಂದಿಷ್ಟು ನೀರನ್ನು ಮೊಗೆದು ತೆಗೆಯುವುದು. ನೆರಳಲ್ಲಿ ಇಟ್ಟು, ಬಾನಿಯ ನೀರಿನಷ್ಟೇ ಬೆಚ್ಚಗಾದ ಹೊಸ ನೀರನ್ನು ಮೆಲ್ಲಗೆ ಸೇರಿಸುವುದು. ಗೋಡೆಗೆ ಅಂಟಿದ ಹಸಿರು ಪಾಚಿಯನ್ನು ಉಜ್ಜಿ ತೆಗೆಯದೆ ಹಾಗೇ ಬಿಡುವುದು.

ತಿಪ್ಪಕ್ಕ ಗೋಡೆಯ ಮೇಲಿಂದ ಮೂಗು ಮುರಿದಳು. "ನಿನ್ನೆ ನೀರು ಇಟ್ಕೊಂಡಿದ್ದೀಯಲ್ಲೇ, ಸೋಮಾರಿ!"

"ಹೂಂ ಕಣೇ, ಸೋಮಾರಿನೇ," ಎಂದಳು ಕೆಂಚವ್ವ. ಜನ ಸೋಮಾರಿ ಅಂದರೂ ಪರವಾಗಿಲ್ಲ ಎನಿಸಿತು ಅವಳಿಗೆ. ಅಷ್ಟು ಪ್ರೀತಿ ಬಂದುಬಿಟ್ಟಿತ್ತು.

ಆದರೂ ಗಿರ್ಲು ಗೋಡೆಗೆ ಮುಖ ಒತ್ತಿ ನಿಲ್ಲುವುದನ್ನು ಬಿಡಲಿಲ್ಲ. ಇದೊಂದು ಯಾಕೆ ಎಂದು ಕೆಂಚವ್ವನಿಗೆ ತಿಳಿಯಲಿಲ್ಲ. ತಿಳಿಸಿದ್ದು ಯಾರು ಗೊತ್ತೇ? ಆ ಕೊಕ್ಕರೆ. ಬಾಯಿ ಮುಚ್ಚಿಕೊಂಡು ಇರಲಾರದ ಪ್ರಾಣಿ.

"ಒಂಟಿ ಗಿರ್ಲು ಬಲು ಸುಲಭ ನಂಗೆ," ಎಂದು ಅದು ಜಂಬ ಕೊಚ್ಚಿತು. "ಒಟ್ಟಾಗಿದ್ರೆ ಧೈರ್ಯದಲ್ಲಿ ಇರ್ತಾವೆ, ತಿಂತಾವೆ, ಆಡ್ತಾವೆ. ಒಂಟಿಯಾದ್ರೆ ಹಿಂಗೇ ಮೂಲೆ ಸೇರ್ತಾವೆ. ಮಡುವಿಗೆ ಹೊರಟ ಇದರ ಜೊತೆಯವು ಕೆಲವು ಬಂಡೆ ಕೆಳಗಿನ ಗುಂಡಿಯಲ್ಲೇ ಸಿಕ್ಕೊಂಡಿದ್ದಾವೆ. ನೀರು ಇನ್ನೊಂಚೂರು ಇಂಗಲಿ ಅಂತ ಕಾಯ್ತಿದ್ದೀನಿ, ನಾಳೆ ಊಟಕ್ಕೆ."

ಹೇಳಿದ ಮೇಲೆ ಕೊಕ್ಕರೆಗೆ ತಾನು ಏನು ಹೇಳಿದೆ ಎಂದು ಅರ್ಥವಾಯಿತು. ಅಷ್ಟರಲ್ಲಿ ಕೆಂಚವ್ವ ಕುಡಿಕೆ ಹಿಡಿದು ಬೀದಿಯ ತುದಿಯಲ್ಲಿದ್ದಳು. ಕೊಕ್ಕರೆ ಮೇಲೆ ಹಾರಿತು, ಕೆಂಚವ್ವ ಕೆಳಗೆ ಓಡಿದಳು. ಸೀರೆ ಎತ್ತಿ ಕಟ್ಟಿ ಓಡುವ ಕೆಂಚವ್ವನನ್ನು ನೋಡಿ ಗಾಳಿಗೆ ನಗು ಬಂತು. ಅದು ಕೊಕ್ಕರೆಯ ಎದುರಿಗೆ ಸುಮ್ಮನೆ ಒಂದಿಷ್ಟು ಬೀಸಿತು, ಅಷ್ಟೇ. ಕೊಕ್ಕರೆ ಗುಂಡಿಗೆ ಬರುವ ಹೊತ್ತಿಗೆ ಅಲ್ಲಿ ಕೆಸರು ಮಾತ್ರ ಇತ್ತು.

ಬಾನಿಗೆ ಜೊತೆಯವು ಬಂದವು. ಗಿರ್ಲು ಗೋಡೆಯಿಂದ ಮುಖ ತಿರುಗಿಸಿತು. ಒಂದಕ್ಕೊಂದು ಮೈಗೆ ಮೈ ತಾಗಿಸಿ, ಒಡೆದ ಮಡಕೆಯೊಳಗೆ ಒತ್ತೊತ್ತಾಗಿ ತುಂಬಿಕೊಂಡವು. ಕೆಂಚವ್ವ ನೋಡಿ ನೋಡಿ ನಕ್ಕಳು, ಕಣ್ಣೊರೆಸಿಕೊಂಡಳು.

ಊಟವೂ ಬದಲಾಯಿತು. ಮಂಡಕ್ಕಿ ಬಿಟ್ಟಳು. ಎರೆಹುಳುವಿನ ಚೂರು, ಬೆಂದ ಕಾಳಿನ ತುಣುಕು, ಇಂಥ ಮುಳುಗುವ ತಿನಿಸನ್ನೇ ಕೊಟ್ಟಳು. ಹೊತ್ತು ಇಳಿದು ಅಂಗಳ ಮಬ್ಬಾದ ಮೇಲೆ ಕೊಟ್ಟಳು. ಆಗಲೇ ಅವುಗಳ ನಾಚಿಕೆ ಬಿಡುತ್ತಿದ್ದದ್ದು. ಚಿಟಿಕೆಯಷ್ಟೇ ಕೊಟ್ಟಳು. ಮಿಕ್ಕಿದ್ದು ತಳದಲ್ಲಿ ಕೊಳೆಯದ ಹಾಗೆ ತೆಗೆದಳು.

ಮಬ್ಬಿನಲ್ಲಿ ಗಿರ್ಲುಗಳಿಗೆ ತಿನಿಸು ಕಾಣುತ್ತಿರಲಿಲ್ಲ. ಕೆಂಚವ್ವನಿಗೂ ಕಾಣುತ್ತಿರಲಿಲ್ಲ. ಆದರೆ ಅವಳಿಗೆ ಬೆರಳಿತ್ತು. ನೀರಿಗೆ ಕೈ ಇಳಿಸಿ, ಮರಳಿನ ಮೇಲೆ ಬೆರಳಾಡಿಸಿ, ತಿನಿಸು ಬಿದ್ದ ಜಾಗವನ್ನು ಹುಡುಕಿ ತೋರಿಸುತ್ತಿದ್ದಳು. ಗಿರ್ಲು ಅವಳ ಬೆರಳಿಗೆ ಮೂತಿ ತಾಗಿಸಿಕೊಂಡೇ ಹಿಂದೆ ಬರುತ್ತಿತ್ತು. ಬೆರಳು ಈ ಕಡೆ ಹೋದರೆ ಈ ಕಡೆ, ಆ ಕಡೆ ಹೋದರೆ ಆ ಕಡೆ. ದಿನವೆಲ್ಲ ಮಡಕೆ ಮಾಡುವಾಗಲೂ ಕೆಂಚವ್ವ ಆ ಹೊತ್ತನ್ನೇ ಕಾಯುತ್ತಿದ್ದಳು.

ಗಿರ್ಲುವಿನ ಹೊಟ್ಟೆ ಗುಂಡಗಾಯಿತು. ಬಾಯಿಯ ಗಾಯ ಮಾಯಿತು. ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗಿತು. ಕೊಕ್ಕರೆ ಬೇಸತ್ತು ಬೇರೆ ಊರು ನೋಡಿಕೊಂಡಿತು.

ಆಮೇಲೆ ಮಳೆ ಬಂತು.

ಗುಡುಗಿತು, ಸುರಿಯಿತು, ಬೆಟ್ಟದ ಹಸಿಮಣ್ಣನ್ನೆಲ್ಲ ತೊಳೆದುಕೊಂಡು ಇಳಿಯಿತು. ಮರಳಿನ ಒಳಗಿನಿಂದ ಹೊಳೆ ಎದ್ದಿತು. ಮೈತುಂಬ ಕೆಂಪು ಸೀರೆ ಉಟ್ಟುಕೊಂಡು ದಂಡೆಯವರೆಗೆ ಬಂದು, "ಕೆಂಚವ್ವಾ!" ಎಂದು ಕೂಗಿತು. ಈಗ ಅದರ ದನಿ ದಾರದಷ್ಟಿರಲಿಲ್ಲ. ಊರಿಗೆಲ್ಲ ಕೇಳಿಸಿತು.

ಕೆಂಚವ್ವ ಬಾಗಿಲು ಹಾಕಿಕೊಂಡಳು. ಕೇಳಿಸಲೇ ಇಲ್ಲ ಅನ್ನುವ ಹಾಗೆ ಒಲೆ ಊದುತ್ತಾ ಕೂತಳು. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ, ಬರೀ ಬೂದಿ ಊದುತ್ತಿದ್ದಳು.

"ಕೆಂಚವ್ವಾ, ನನ್ನ ಮಗು ಎಲ್ಲಿ? ಸತ್ತುಹೋಯ್ತಾ?" ಹೊಳೆಯ ದನಿ ನಡುಗಿತು.

ಅದನ್ನು ಕೇಳಿ ಕೆಂಚವ್ವನಿಗೆ ಒಲೆಯ ಮುಂದೆ ಕೂರಲು ಆಗಲಿಲ್ಲ. ತಾಯಿಯ ದನಿ ಹಾಗೆ ನಡುಗಿದರೆ ಯಾರಿಂದ ಆದೀತು? ಎದ್ದು, ಗಿರ್ಲು ಮತ್ತು ಅದರ ಜೊತೆಯವನ್ನು ಕುಡಿಕೆಯಲ್ಲಿ ಮೊಗೆದುಕೊಂಡು ದಂಡೆಗೆ ಹೋದಳು.

"ಇಗೋ ಹೊಳೆವ್ವಾ, ಚೆನ್ನಾಗಿದೆ. ಕೊಡಕ್ಕೆ ಮನಸ್ಸು ಬರಲಿಲ್ಲ, ಅದಕ್ಕೇ ಸುಮ್ನಿದ್ದೆ."

ಹೊಳೆ ಕುಡಿಕೆಯೊಳಗೆ ಇಣುಕಿತು. ಎಷ್ಟು ಹೊತ್ತು ಇಣುಕಿ ನೋಡಿತೋ! ಆಮೇಲೆ ಅಷ್ಟು ದೊಡ್ಡ ಹೊಳೆ ದಂಡೆಯ ಹತ್ತಿರ ತಗ್ಗಿ, ಮಕ್ಕಳಿಗೆ ಇಳಿಯಲು ಜಾಗ ಮಾಡಿತು.

ಜೊತೆಯವು ಒಂದೊಂದಾಗಿ ನೀರಿಗೆ ಇಳಿದವು. ಗಿರ್ಲು ಮಾತ್ರ ಇಳಿಯಲಿಲ್ಲ. ಕುಡಿಕೆಯ ಅಂಚಿನಲ್ಲಿ ನಿಂತು ಆ ಕೆಂಪು ನೀರನ್ನು ನೋಡಿತು. ಅವತ್ತೇ ಅದು ಮೊದಲ ಸಲ ಬಾಯಿ ಬಿಟ್ಟು ಮಾತಾಡಿದ್ದು.

"ಅಲ್ಲಿ ಕತ್ತಲು," ಎಂದಿತು. "ತಳದಲ್ಲಿ ನಂಗೇನೂ ಕಾಣಲ್ಲ. ಯಾರು ತೋರಿಸ್ತಾರೆ? ಅವ್ವನ ಬೆರಳು ಅಲ್ಲಿ ಇರಲ್ವಲ್ಲ!"

ಕೆಂಚವ್ವ ಕುಡಿಕೆಯನ್ನು ಎದೆಗೆ ಒತ್ತಿಕೊಂಡಳು. ಅದು ತನ್ನನ್ನು ಅವ್ವ ಎಂದಿತ್ತು. ಈಗ ಮನೆಗೆ ವಾಪಸ್ ಕರೆದುಕೊಂಡು ಹೋಗುತ್ತೇನೆ ಎಂದರೆ ಹೊಳೆಯೂ ಬೇಡ ಅನ್ನುತ್ತಿರಲಿಲ್ಲವೇನೋ. ಆದರೆ ಜೊತೆಯವು ಆ ಕೆಂಪು ನೀರಿನಲ್ಲಿ ಕಾಯುತ್ತಿದ್ದವು. ಬಾನಿ ಎಷ್ಟು ದೊಡ್ಡದಾದರೂ ಬಾನಿಯೇ.

"ಹೊಳೆವ್ವಾ," ಎಂದಳು ಕೆಂಚವ್ವ, "ನನ್ನ ಬೆರಳಿನ ಜಾಣತನ ಇದಕ್ಕೆ ಕೊಡಕ್ಕಾಗುತ್ತಾ?"

"ಕೊಡಬಹುದು," ಎಂದಿತು ಹೊಳೆ. "ಆದ್ರೆ ಕೊಟ್ಟಿದ್ದು ಹೋಯ್ತು. ಬೆರಳ ತುದಿಯ ನುಣುಪು ಹೋಗುತ್ತೆ. ನಿನ್ನ ಮಡಕೆ ಇವತ್ತಿನ ಹಂಗೆ ಇನ್ನು ಬರಲ್ಲ. ಯೋಚನೆ ಮಾಡು."

ಕೆಂಚವ್ವ ಯೋಚನೆ ಮಾಡಿದಳು. ಇರುವೆ ಜಾರುವಂಥ ಮಡಕೆಗಳನ್ನು ನೆನೆದಳು. ಸಂಕಟವಾಯಿತು, ಆಗದೆ ಇರುತ್ತದೆಯೇ? ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕುಡಿಕೆಯನ್ನು ಮುಂದಿಟ್ಟುಕೊಂಡು ಕೂತು, ಎರಡೂ ಕೈ ಅದರ ನೀರಿಗೆ ಇಳಿಸಿದಳು. ಗಿರ್ಲುವಿನ ಬಾಯಿಯ ಸುತ್ತ ಬೆರಳ ತುದಿಗಳನ್ನು ಇಟ್ಟು, ತಿಗರಿಯ ಮೇಲಿನ ಹಸಿ ಮಡಕೆಯಿಂದ ಕೈ ತೆಗೆಯುವಾಗ ತೆಗೆಯುತ್ತಿದ್ದಳಲ್ಲ, ಅಷ್ಟು ಮೆಲ್ಲಗೆ ಹಿಂದಕ್ಕೆ ಎಳೆದಳು.

ಬೆರಳಿನ ಜೊತೆ ಎಳೆ ಬಂತು. ಹೆಬ್ಬೆರಳೆರಡು ಗಿರ್ಲುವಿನ ಕೆನ್ನೆ ಹಿಡಿದಿದ್ದವು, ಉಳಿದ ಎಂಟು ಬೆರಳುಗಳಿಂದ ಒಂದೊಂದು ಎಳೆ. ತೆಳ್ಳಗೆ, ಮೆತ್ತಗೆ, ಉದ್ದಕ್ಕೆ. ಗಿರ್ಲು ತಲೆ ಅಲ್ಲಾಡಿಸಿತು, ಎಳೆಗಳೂ ಅಲ್ಲಾಡಿದವು. ಅದು ಒಂದನ್ನು ಕೆಂಚವ್ವನ ಅಂಗೈಗೆ ತಾಗಿಸಿ ನೋಡಿತು. ಕಣ್ಣು ಮುಚ್ಚಿಕೊಂಡರೂ ಅಂಗೈಯ ಒಂದೊಂದು ಗೆರೆಯೂ ಗೊತ್ತಾಯಿತು.

"ಅಯ್ಯೋ ನನ್ನಪ್ಪಾ, ಮೀಸೆ ಬಂತಲ್ಲೋ ನಿಂಗೆ!" ಎಂದು ಕೆಂಚವ್ವ ಅಳುತ್ತಲೇ ನಕ್ಕಳು.

ಗಿರ್ಲು ಕೆಂಪು ನೀರಿಗೆ ಇಳಿಯಿತು. ತಳಕ್ಕೆ ಹೋಯಿತು. ಮೀಸೆಯಿಂದ ಮರಳನ್ನು ಮುಟ್ಟುತ್ತಾ, ತಡಕುತ್ತಾ, ಹೆದರದೆ ಹೋಯಿತು. ಸ್ವಲ್ಪ ದೂರದಲ್ಲಿ ಒಮ್ಮೆ ಮೇಲೆ ಬಂದು, ಗಾಳಿಯ ಕೈಯಿಂದ ಒಂದು ಗುಟುಕು ಇಸಿದುಕೊಂಡು, ಮತ್ತೆ ಕೆಳಗೆ ಹೋಯಿತು. ಆಮೇಲೆ ಕಾಣಲಿಲ್ಲ.

ಕೆಂಚವ್ವ ನೀರಿನಿಂದ ಕೈ ತೆಗೆದು ನೋಡಿದಳು. ಬೆರಳ ತುದಿಗಳೆಲ್ಲ ಸುಕ್ಕಾಗಿದ್ದವು. ಅಲ್ಲಿಂದಾಚೆಗೆ ಅವಳ ಮಡಕೆಗಳ ಮೈಮೇಲೆ ಸಣ್ಣ ಸಣ್ಣ ಗೆರೆ ಉಳಿಯುತ್ತಿತ್ತು. ಇರುವೆಗಳು ಆರಾಮವಾಗಿ ಹತ್ತಿ ಇಳಿಯುತ್ತಿದ್ದವು. ತಿಪ್ಪಕ್ಕ, "ಏನೇ ಇದು ಗೆರೆ?" ಎಂದು ಕೇಳಿದರೆ, "ನನ್ನ ಮಗಂದು," ಎನ್ನುತ್ತಿದ್ದಳು.

ಹೀಗೆ ಮೀಸೆಮೀನಿಗೆ ಮೀಸೆ ಬಂತು. ಅದು ಬೆರಳು, ಕೂದಲಲ್ಲ. ಅದಕ್ಕೇ ಗಾಜಿನ ತೊಟ್ಟಿಯಲ್ಲಿ ಮೀಸೆಮೀನು ಸಾಕುವವರು ಇವತ್ತಿಗೂ ತಳಕ್ಕೆ ನುಣ್ಣನೆ ಮರಳು ಹಾಸುತ್ತಾರೆ, ಅಡಗಲು ಒಡಕು ಮಡಕೆ ಇಡುತ್ತಾರೆ, ಒಂದನ್ನೇ ಇಡದೆ ಜೊತೆಯವನ್ನು ತರುತ್ತಾರೆ, ಹಳೆ ನೀರನ್ನು ಪೂರ್ತಿ ಚೆಲ್ಲುವುದಿಲ್ಲ. ಚೂಪು ಕಲ್ಲಿನ ಮೇಲೆ ತಡಕಿ ತಡಕಿ ಮೀಸೆ ಸವೆದರೆ ಅದು ಮತ್ತೆ ಕತ್ತಲಲ್ಲಿ ಬಿದ್ದ ಹಾಗೆ.

ನೀನೂ ಅಷ್ಟೇ, ತೊಟ್ಟಿಯ ತಳ ಶುದ್ಧ ಮಾಡಲು ನೀರಿನಲ್ಲಿ ಸ್ವಲ್ಪ ಹೊತ್ತು ಕೈ ಇಟ್ಟು ನೋಡು: ನಿನ್ನ ಬೆರಳ ತುದಿಗಳು ಸುಕ್ಕಾಗುತ್ತವೆ, ಆಗ ಮೀಸೆಮೀನು ಮಡಕೆಯ ಮರೆಯಿಂದ ಮೆಲ್ಲಗೆ ಹೊರಗೆ ಬಂದು ಆ ಸುಕ್ಕುಗಳನ್ನು ಒಂದೊಂದಾಗಿ ಮೀಸೆಯಿಂದ ಮುಟ್ಟಿ ನೋಡುತ್ತದೆ, ಯಾಕೆಂದರೆ ಅದು ಇವತ್ತಿಗೂ ಅವ್ವನ ಕೈಯನ್ನು ಹುಡುಕುತ್ತಲೇ ಇದೆ.